ಕಂದು ನೀರಿನಲ್ಲಿ ಒಂದು ತಾರಸಿ

2018ರ ಆಗಸ್ಟ್ 15. ಕೇರಳದ ಪೆರಿಯಾರ್ ನದಿ ಉಕ್ಕಿತು, ದಡ ನುಂಗಿತು, ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೇ ನುಗ್ಗಿತು. ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಗೇಟುಗಳು 26 ವರ್ಷಗಳ ಬಳಿಕ ತೆರೆದು ವಾರವೂ ಕಳೆದಿರಲಿಲ್ಲ. ಆಲುವಾ ಮುಳುಗಿತು. ಚೆಂಗನ್ನೂರು ಮುಳುಗಿತು. ಜನ ತಾರಸಿ ಹತ್ತಿದರು. ಕೈಯಲ್ಲಿ ಮೊಬೈಲ್, ಇಳಿಯುತ್ತಿರುವ ಬ್ಯಾಟರಿ!

ಮೊರೆಗಳು ಸಾವಿರಗಟ್ಟಲೆ ಬಂದವು. ಮಸೀದಿ ಹಿಂದಿನ ಮನೆ, ಹಾಸಿಗೆ ಹಿಡಿದ ಅಜ್ಜಿ, ಬೇಗ ಬನ್ನಿ. ಆದರೆ ಮೇಲಿಂದ ನೋಡುವ ಪೈಲಟ್‌ಗೆ ಕಾಣುವುದು ಕಂದು ನೀರು, ತೆಂಗಿನ ತಲೆಗಳು ಮಾತ್ರ. ಆ ಮನೆ ಯಾವುದು?

ಉತ್ತರ ಹುಡುಕಲು ಇನ್ನೊಂದು ಪಡೆ ಎದ್ದಿತು. ತಿರುವನಂತಪುರದ ರಾಜ್ಯ ಐಟಿ ಮಿಷನ್ ಜೊತೆ ಎಂಜಿನಿಯರುಗಳು, ವಿದ್ಯಾರ್ಥಿಗಳು ಕೈಜೋಡಿಸಿದರು. ಕೇರಳರೆಸ್ಕ್ಯೂ ಜಾಲತಾಣ ಕಟ್ಟಿದರು. ಮೊರೆ ದಾಖಲಿಸಿದರು, ಫೋನಾಯಿಸಿ ಖಚಿತಪಡಿಸಿಕೊಂಡರು. ಒಂದೇ ಮನೆಯಿಂದ ಬಂದ ಹಲವು ಕರೆಗಳನ್ನು ಒಂದಾಗಿಸಿದರು. ವಿಳಾಸವನ್ನು ಅಕ್ಷಾಂಶ, ರೇಖಾಂಶಗಳಾಗಿ ಬದಲಿಸಿದರು. ಅಕ್ಷಾಂಶದ ನಾಲ್ಕನೆಯ ದಶಾಂಶ ಒಂದಂಕಿ ತಪ್ಪಿದರೆ 11 ಮೀಟರ್ ಆಚೆ. ಮೊದಲನೆಯದು ತಪ್ಪಿದರೆ? 11 ಕಿಲೋಮೀಟರ್. ಬೇರೆಯದೇ ಊರು!

ಆಗಸ್ಟ್ 17. ಕೊಚ್ಚಿಯಿಂದ ಸುಮಾರು 40 ಕಿ.ಮೀ. ದೂರದ ಚಾಲಕುಡಿ. ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ಒಂದು ಮನೆಯ ಮೇಲೆ ಸುತ್ತಿತು. ತುಂಬು ತೂಕ ಒಂಬತ್ತು ಟನ್ನಿಗೂ ಮೇಲು. ಪೂರ್ತಿ ಇಳಿದರೆ ತಾರಸಿಯೇ ಕುಸಿದೀತು. ಲೆಫ್ಟಿನೆಂಟ್ ಕಮಾಂಡರ್ ಅಭಿಜಿತ್ ಗರುಡ್ ಚಕ್ರ ತಾಗಿಸಿದರು, ಭಾರ ಬಿಡಲಿಲ್ಲ. ರೆಕ್ಕೆಗಳ ಬಲದಲ್ಲೇ ಯಂತ್ರವನ್ನು ಎತ್ತಿ ಹಿಡಿದರು. ಸುಮಾರು ಎಂಟು ನಿಮಿಷ! 26 ಜೀವ ಉಳಿದವು. ಉಳಿದ ಲಕ್ಷಾಂತರ ಮಂದಿ?

ಅವರತ್ತ ಕಡಲ ಮಕ್ಕಳು ಹೊರಟರು. ಲಾರಿಗೆ ದೋಣಿ ಏರಿಸಿದರು, ರಾತ್ರಿಯೆಲ್ಲ ಓಡಿಸಿದರು. ಮುಳುಗಿದ ಕಾಂಪೌಂಡ್ ಗೋಡೆಗಳಿಗೆ ದೋಣಿಯ ಅಡಿ ತಾಗಿ ಸೀಳಿತು. ಹುಟ್ಟು ಹಾಕಿದರು, ನೀರಿಗೆ ಧುಮುಕಿ ತಳ್ಳಿದರು. ಸರ್ಕಾರದ ಲೆಕ್ಕದಲ್ಲಿ 669 ದೋಣಿ, 4,537 ಮೀನುಗಾರರು, ಉಳಿಸಿದ ಜೀವ 65,000!

ವಿಮಾನ ನಿಲ್ದಾಣ ಇನ್ನೂ ನೀರಿನಲ್ಲಿ. ಕೊಚ್ಚಿಗೆ ಬರುವ ವಿಮಾನ ಇಳಿಯುವುದೆಲ್ಲಿ? ವಿಲ್ಲಿಂಗ್ಡನ್ ಐಲ್ಯಾಂಡ್‌ನ ನೌಕಾನೆಲೆ ಐಎನ್‌ಎಸ್ ಗರುಡ ತನ್ನ ರನ್‌ವೇ ತೆರೆಯಿತು. ಆಗಸ್ಟ್ 20ರ ಬೆಳಿಗ್ಗೆ ಬೆಂಗಳೂರಿನಿಂದ ಹಾರಿದ ಅಲಯನ್ಸ್ ಏರ್‌ನ ಎಟಿಆರ್ ವಿಮಾನ ಅಲ್ಲಿ ಇಳಿಯಿತು.

ಧೈರ್ಯ ಸಾಲದೆ ಹೋಗಲಿಲ್ಲ. ಅಂದು ಸಾಲದೆ ಹೋದದ್ದು ಮೊದಲೇ ಕೂಡಿಸಿಟ್ಟ ಮಾಹಿತಿ. ಆ ಮಳೆಗಾಲದಲ್ಲಿ ಕೇರಳದಲ್ಲಿ 433 ಮಂದಿ ಸತ್ತರು. ಆಗಸ್ಟ್‌ನ ಅದೇ ವಾರ ನಮ್ಮ ಕೊಡಗಿನ ಗುಡ್ಡಗಳೂ ಕುಸಿದವು. ನಿಮ್ಮೂರಿನಲ್ಲಿ ನಡೆಯಲಾಗದವರು ಯಾವ ಮನೆಯಲ್ಲಿದ್ದಾರೆ? ಹಿಂದಿನ ನೆರೆ ಎಲ್ಲಿಯವರೆಗೆ ಏರಿತ್ತು? ದೋಣಿ ಯಾರ ಬಳಿ ಇದೆ? ಮಳೆಗಾಲಕ್ಕೆ ಮುಂಚೆಯೇ ಪಂಚಾಯಿತಿಯಲ್ಲಿ ಕೂತು ಬರೆಸಿ, ನಕ್ಷೆಯಲ್ಲಿ ಗುರುತು ಹಾಕಿಸಿ.