ಹುಲಿ ರೂಪಾಯಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಬೆಳ್ಳಿ ಬೆಳಗುವ ಕೆಲಸ ನನ್ನ ಪಾಲಿಗೆ. ಹಳೇ ಪಂಚೆಯ ಚೂರು, ಒಂದಿಷ್ಟು ವಿಭೂತಿ, ಅಷ್ಟಿದ್ದರೆ ಸಾಕು. ದೀಪ, ಪಂಚಪಾತ್ರೆ, ಕುಂಕುಮದ ಭರಣಿ ಮುಗಿದ ಮೇಲೆ ಅಮ್ಮ ಬೀರುವಿನಿಂದ ರೂಪಾಯಿ ಗಂಟು ತಂದು ಬಿಚ್ಚುತ್ತಾಳೆ. ಒಟ್ಟು ಒಂಬತ್ತು. ಕಳಶದ ಮುಂದೆ ಅವೇ ನಮ್ಮ ಧನಲಕ್ಷ್ಮಿ.

ಒಂಬತ್ತರಲ್ಲಿ ಎಂಟು ಕರ್ರಗೆ ಕೂತಿರುತ್ತವೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ಆಗಿಬರುವುದಿಲ್ಲ. ಒಂಬತ್ತನೆಯದು 1947ರದ್ದು, ಒಂದು ಕಡೆ ಆರನೇ ಜಾರ್ಜ್, ಇನ್ನೊಂದು ಕಡೆ ಹೆಜ್ಜೆ ಹಾಕುತ್ತಿರುವ ಹುಲಿ. ಅದು ವರ್ಷವಿಡೀ ಫಳಫಳ. ‘ಅಪ್ಪಟ ಬೆಳ್ಳಿ ಅಂದ್ರೆ ಅದು ನೋಡು’ ಎಂದು ಅಮ್ಮ ಪ್ರತಿ ಸಲವೂ ಹೇಳುತ್ತಾಳೆ. ನಾನೂ ನಂಬಿದ್ದೆ.

ಈ ಸಲ ಮಗರಾಯ ಮುರಿದ ಆಟಿಕೆ ಕಾರಿನಿಂದ ಕಿತ್ತ ಅಯಸ್ಕಾಂತ ಹಿಡಿದು ಪಕ್ಕದಲ್ಲೇ ಕೂತಿದ್ದ. ವಿಕ್ಟೋರಿಯಾ ರಾಣಿ ಜಪ್ಪಯ್ಯ ಅನ್ನಲಿಲ್ಲ. ಬರಿದಲೆಯ ಏಳನೇ ಎಡ್ವರ್ಡನೂ ಅಷ್ಟೇ. ಹುಲಿ ಮಾತ್ರ ಟಕ್ಕನೆ ಹಾರಿ ಕಚ್ಚಿಕೊಂಡಿತು!

ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಕಲ್ ಅಂಟುತ್ತದೆ. ರಾಣಿಯ ಕಾಲದ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ಅದರ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ತಕ್ಕಡಿಯಲ್ಲಿ ಬಟ್ಟಿನ ಬದಲು ರೂಪಾಯಿಯನ್ನೇ ಇಡುತ್ತಿದ್ದ ಕಾಲ ಅದು. ಮಹಾಯುದ್ಧ ಬಂತು, ಬೆಳ್ಳಿ ಬಿಗಿಯಾಯಿತು. 1940ರಲ್ಲಿ ಸರ್ಕಾರ ಬೆಳ್ಳಿಯನ್ನು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ತಾಮ್ರ ಸುರಿದು, ಚೂರು ನಿಕಲ್, ಚೂರು ಸತುವು ಸೇರಿಸಿತು. ಹಾಲಿಗೆ ನೀರು ಬೆರೆಸುವವನೂ ಇಷ್ಟು ಧೈರ್ಯ ಮಾಡುವುದಿಲ್ಲ. ಹುಲಿ ಬರುವ ಹೊತ್ತಿಗೆ ಆ ಅರ್ಧವೂ ಹೋಗಿ ಪೂರ್ತಿ ನಿಕಲ್. ರಾಜನ ಮುಖ ಮಾತ್ರ ಹಾಗೇ ಇತ್ತು.

ಅಯಸ್ಕಾಂತವನ್ನೂ ಪೂರ್ತಿ ನಂಬುವ ಹಾಗಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಯಾರದೋ ಮದುವೆಯ ತಾಂಬೂಲದ ಜೊತೆ ಬಂದ ಜರ್ಮನ್ ಸಿಲ್ವರ್ ಬಟ್ಟಲು ಅದಕ್ಕೆ ಸೊಪ್ಪೇ ಹಾಕಲಿಲ್ಲ. ತಾಮ್ರ, ನಿಕಲ್, ಸತುವು ಬೆರೆತ ಆ ಲೋಹದಲ್ಲಿ ಸಿಲ್ವರ್ ಇರುವುದು ಹೆಸರಿನಲ್ಲಿ ಮಾತ್ರ. ನಾನು ಓದುವಾಗ ಬಸ್ಸಿಗೆ ಕೊಡುತ್ತಿದ್ದ ತಾಮ್ರ-ನಿಕಲ್ಲಿನ ರೂಪಾಯಿಯೂ ಅದೇ ಜಾತಿ. ಈಗಿನ ಸ್ಟೀಲಿನದ್ದು ಪಾಪ, ಅಯಸ್ಕಾಂತ ಕಂಡರೆ ಓಡಿ ಬರುತ್ತದೆ.

ನನಗೆ ಹಿಡಿಸಿದ್ದು ಹಳೇ ಅಂಗಡಿಯವರ ಕಿವಿಯ ಪರೀಕ್ಷೆ. ರಾಣಿ ರೂಪಾಯಿಯನ್ನು ಬೆರಳ ತುದಿಯಲ್ಲಿ ಕೂರಿಸಿ ಇನ್ನೊಂದರ ಅಂಚಿನಿಂದ ಮೆಲ್ಲಗೆ ತಟ್ಟಿದೆ. ಠಣ್ ಎಂದದ್ದು ಎಳೆಯಾಗಿ, ಇನ್ನೂ ಸಣ್ಣ ಎಳೆಯಾಗಿ, ದೇವರಮನೆಯ ಮೂಲೆ ಮುಟ್ಟುವವರೆಗೂ ಉಳಿಯಿತು. ಮಗ ಅದನ್ನೇ ಹತ್ತು ಸಲ ಮಾಡಿಸಿದ.

ಅಮ್ಮನಿಗೆ ಹೇಳದೆ ಇರಲಾಗಲಿಲ್ಲ. ಅವಳು ಹುಲಿಯನ್ನು ಅಯಸ್ಕಾಂತದಿಂದ ಕಿತ್ತು, ಸೆರಗಿನಲ್ಲಿ ಒರೆಸಿ, ತಟ್ಟೆಯ ನಟ್ಟನಡುವೆ ಇಟ್ಟಳು.

‘ಇದೊಂದಕ್ಕಾದ್ರೂ ವಿಭೂತಿ ಖರ್ಚಿಲ್ಲ ಕಣೋ. ಉಳಿದ ಎಂಟನ್ನ ಬೇಗ ಬೆಳಗು, ಹೂ ಕಟ್ಟೋದಿದೆ.’