ಬೆಂಡಿನ ಹಗುರ, ಯಂತ್ರದ ಹಾರಾಟ

ಸಾಗರದ ಪೇಟೆಗೆ ಬಂದು ಗುಡಿಗಾರರ ಕೈಕೆಲಸವನ್ನು ನೋಡದೆ ಮುಂದೆ ಹೋಗುವ ಪ್ರವಾಸಿಕರು ವಿರಳ. ಶ್ರೀಗಂಧದ ಕೆತ್ತನೆಗೆ ಪ್ರಸಿದ್ಧರಾದ ಈ ಕುಶಲಿಗಳು ಜೌಗುನೆಲದ ಬೆಂಡಿನಿಂದ ವಧೂವರರ ಬಾಸಿಂಗಗಳನ್ನೂ ಪರಂಪರೆಯಿಂದ ರಚಿಸುತ್ತ ಬಂದಿರುವರು. ಅಂಗೈಯ ಮೇಲಿರಿಸಿದರೂ ಭಾರ ತೋರದ ಆ ಬೆಂಡನ್ನು ಕಂಡು ನಮಗೆ ದಕ್ಷಿಣ ಅಮೆರಿಕದ ಬಾಲ್ಸಾ ಮರದ ನೆನಪಾಯಿತು. ಹವ್ಯಾಸಿಗಳು ಕಟ್ಟುವ ಮಾದರಿ ವಿಮಾನಗಳಿಗೆ ಬಹುಕಾಲದಿಂದ ಎಲುಬಾಗಿರುವುದು ಆ ಮರವೇ.

ಈ ಹವ್ಯಾಸವನ್ನು ಹತ್ತಿರದಿಂದ ಕಾಣದ ವಾಚಕರಿಗಾಗಿ ಎರಡು ಮಾತು. ತೆಳ್ಳನೆಯ ಹಲಗೆಯಿಂದ ರೆಕ್ಕೆಯ ಪಕ್ಕೆಲುಬುಗಳನ್ನು ಕತ್ತರಿಸಿ, ಅಂಟಿಸಿ, ಮೇಲೆ ನವುರಾದ ಕಾಗದವನ್ನು ಬಿಗಿದು, ಭಾರದ ಕೇಂದ್ರವು ರೆಕ್ಕೆಯ ಮುಂದಿನಂಚಿನಿಂದ ಅದರ ಅಗಲದ ಸುಮಾರು ಮೂರನೆಯ ಒಂದು ಪಾಲಿನಲ್ಲಿ ನಿಲ್ಲುವಂತೆ ತೂಗಿ, ಕಡೆಗೆ ಕೈಯಿಂದಲೇ ಗಾಳಿಗೆ ಬಿಟ್ಟು ನೋಡಬೇಕು. ಮೂಗು ಭಾರವಾದರೆ ನೆಲಕ್ಕೆ ಧುಮುಕುವುದು. ಬಾಲ ಭಾರವಾದರೆ ತಲೆಯೆತ್ತಿ ತತ್ತರಿಸಿ ಬೀಳುವುದು. ವಾರಗಟ್ಟಲೆಯ ಶ್ರಮವು ಒಂದು ಕ್ಷಣದಲ್ಲಿ ಪುಡಿಯಾಗುವುದೂ ಉಂಟು. ಆದಕಾರಣವೇ ಹೊಸಬನಿಗೆ ಹಳಬನ ನೆರವು ಬೇಕಾಯಿತು, ಸಂಘಗಳು ಹುಟ್ಟಿದವು. ಅಮೆರಿಕದ ಮಾದರಿ ವಿಮಾನ ಸಂಸ್ಥೆಯು 1936ರಷ್ಟು ಹಿಂದಿನದು. ನಮ್ಮಲ್ಲಿ ಎನ್.ಸಿ.ಸಿ.ಯ ವಾಯು ವಿಭಾಗವು ಈ ವಿದ್ಯೆಯನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತ ಬಂದಿದೆ.

ಡ್ರೋನು ಬಂದಮೇಲೆ ಈ ಕ್ರಮವು ಬದಲಾಯಿತು. ಅದರೊಳಗಿನ ಸೂಕ್ಷ್ಮ ಉಪಕರಣಗಳು ಓಲಾಟವನ್ನು ಕ್ಷಣಕ್ಷಣಕ್ಕೂ ಅಳೆದು ಸರಿಪಡಿಸುವುವು. ಉಪಗ್ರಹಗಳ ಸಂಕೇತದಿಂದ ಅದು ತನ್ನ ಸ್ಥಾನವನ್ನು ತಾನೇ ಅರಿಯುವುದು. ಪೆಟ್ಟಿಗೆಯಿಂದ ತೆಗೆದ ದಿನವೇ ಹಾರಿಸಬಹುದು, ಬಲ್ಲವರನ್ನು ಕೇಳಬೇಕಾದುದಿಲ್ಲ. ಕೇಳಬೇಕಾದುದಿಲ್ಲವಾದ ಮೇಲೆ ಸಂಘವೇತಕ್ಕೆ? ಹೀಗೆ ಹಲವು ದೇಶಗಳ ಮಾದರಿ ವಿಮಾನ ಸಂಘಗಳಿಗೆ ಎಳೆಯರು ಬರುವುದು ಕಡಿಮೆಯಾಗಿ, ತಲೆ ನರೆತವರೇ ಹೆಚ್ಚಾಗಿ ಉಳಿಯತೊಡಗಿರುವರು. ಭಾರತದ 2021ರ ಡ್ರೋನ್ ನಿಯಮಗಳಾದರೋ, ವ್ಯಾಸಂಗಕ್ಕೋ ವಿನೋದಕ್ಕೋ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿಗಳನ್ನೂ ತಮ್ಮ ಕಟ್ಟಳೆಯೊಳಗೇ ಹೆಸರಿಸಿವೆ. ಕಾನೂನಿನ ಕಣ್ಣಿಗೆ ಕೈಯಾರೆ ಕಟ್ಟಿದುದೂ ಹಣ ಕೊಟ್ಟು ತಂದುದೂ ಒಂದೇ ಕುಲ.

ಸಾಗರವನ್ನು ಬಿಟ್ಟು ಹೊಸನಗರದತ್ತ ಸಾಗಿದಂತೆ ಕಣಿವೆ ಕಣಿವೆಗಳಲ್ಲಿಯೂ ಅಡಕೆಯ ತೋಟಗಳು ಕಾಣಿಸುವುವು. ಇಲ್ಲಿ ಡ್ರೋನು ಆಟದ ವಸ್ತುವಲ್ಲ. ಮಳೆಗಾಲದ ಕೊಳೆರೋಗವನ್ನು ತಡೆಯಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೊನೆಗೂ ಹೊಡೆಯಬೇಕು. ಜಾರುವ ಮರವನ್ನೇರಿ, ಅದನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿ, ಈ ಕಾರ್ಯವನ್ನು ನಡೆಸುವವನು ಕೊನೆಗೌಡ. ಅವನ ವಿದ್ಯೆಗೂ ಈಗ ಉತ್ತರಾಧಿಕಾರಿಗಳು ಸಾಲರು. ನೆಲದಲ್ಲಿಯೇ ನಿಂತು ಬಳಸುವ ಕಾರ್ಬನ್ ದೋಟಿಗಳು ಬಂದಿವೆ. ಅಲ್ಲಲ್ಲಿ ಡ್ರೋನುಗಳೂ ಬಂದಿವೆ. ಮೇಲಿನಿಂದ ಬಿದ್ದ ಔಷಧವು ಸೋಗೆಗಳ ಕೆಳಗೆ ಅವಿತ ಗೊನೆಯನ್ನು ಮುಟ್ಟುವುದು ಸುಲಭವಲ್ಲ, ನಿಜ. ಆದರೂ ಮರದಿಂದ ಬಿದ್ದವರ ಮನೆಗಳನ್ನು ನೆನೆದರೆ, ಯಂತ್ರವನ್ನು ಹಳಿಯಲು ನಾಲಗೆ ಏಳದು.

ಮಾದರಿ ವಿಮಾನದ ಮಾತು ಬೇರೆ. ಅಲ್ಲಿ ಬಿದ್ದು ಮುರಿಯುವುದು ರೆಕ್ಕೆಯೇ ಹೊರತು ಬೆನ್ನುಮೂಳೆಯಲ್ಲ. ಮುರಿದುದನ್ನು ಮರಳಿ ಜೋಡಿಸುವಾಗಲೇ ಕಲಿಕೆ. ಕೊನೆಗೌಡನ ಅಪಾಯವನ್ನು ತಪ್ಪಿಸುವ ಯಂತ್ರವು ಲೋಕೋಪಕಾರಿ. ಬಾಲಕನ ಸೋಲನ್ನೂ ತಪ್ಪಿಸುವ ಯಂತ್ರವನ್ನು ಹಾಗೆನ್ನಲಾರೆವು.

ತುಂಗೆಯ ದಡದ ತೀರ್ಥಹಳ್ಳಿಯನ್ನು ಸೇರುವಷ್ಟರಲ್ಲಿ ನಮಗೆ ಒಂದು ವಿಚಾರವು ದೃಢವಾಯಿತು. ತೋಟಕ್ಕೆ ಬರುವ ಡ್ರೋನನ್ನು ನಡೆಸಲೂ, ಕೆಟ್ಟಾಗ ದುರಸ್ತಿ ಮಾಡಲೂ ನಾಳೆ ಈ ಮೂರು ತಾಲ್ಲೂಕುಗಳ ಮಕ್ಕಳೇ ಬೇಕು. ತೂಕವೆಂದರೇನು, ಗಾಳಿಯೆಂದರೇನು ಎಂಬುದನ್ನು ಬೆರಳುಗಳಿಂದ ಅರಿತವರಿಗೆ ಆ ಕೆಲಸವು ಬೇಗನೆ ಒಲಿಯುವುದು. ಬಿದಿರ ಕಡ್ಡಿ, ತೆಳುಗಾಗದ, ಅಂಟು, ಶಾಲೆಯ ಬಯಲು: ಆರಂಭಕ್ಕೆ ಇಷ್ಟು ಸಾಕು. ದುರ್ಲಭವಾದುದು ಒಂದೇ, ಪಕ್ಕದಲ್ಲಿ ಕುಳಿತು ತೋರಿಸಿಕೊಡುವ ಬಲ್ಲವರು. ಅವರು ಇನ್ನೂ ನಮ್ಮ ನಡುವೆ ಇರುವಾಗಲೇ ಮನೆಯ ಹಿರಿಯರು ಗಂಡು ಹೆಣ್ಣೆನ್ನದೆ ಮಕ್ಕಳನ್ನು ಅವರ ಬಳಿಗೆ ಕಳುಹಿಸುವುದು ಒಳ್ಳೆಯದು.