ಕೈ ಮಡಚಿಯೇ ಬಣ್ಣ

ಸ್ಪೈಡರ್‌ಮ್ಯಾನ್‌ಗಳಲ್ಲಿ ನನಗೆ ಇಷ್ಟ ಮೈಲ್ಸ್ ಮೊರಾಲಿಸ್. 2018ರ ‘ಇಂಟು ದ ಸ್ಪೈಡರ್‌ವರ್ಸ್’ ಸಿನಿಮಾದಲ್ಲಿ ಅವನಿಗೆ ಯಾವ ಕೋಟ್ಯಧೀಶನೂ ಸೂಟ್ ಮಾಡಿಸಿ ಕೊಡುವುದಿಲ್ಲ. ಪೀಟರ್‌ನ ಸೂಟಿನ ಮೇಲೆ ತಾನೇ ಸ್ಪ್ರೇ ಪೇಂಟ್ ಹೊಡೆದುಕೊಳ್ಳುತ್ತಾನೆ. ಹಾಗಾಗಿ ಕಾಮಿಕ್ ಕಾನ್‌ಗೆ ಮೈಲ್ಸ್ ಆಗಿ ಹೋಗುವುದು ಅಂತ ಆದಮೇಲೆ ಸೂಟ್ ಮನೆಯಲ್ಲೇ ಹೊಲಿಯಬೇಕು, ಬಣ್ಣವನ್ನು ನಾನೇ ಹಾಕಬೇಕು ಅಂತ ನಿರ್ಧಾರ ಮಾಡಿದೆ. (ಹುಡುಗಿ ಮೈಲ್ಸ್ ಆಗಬಹುದಾ ಅಂತ ಮೆಸ್‌ನಲ್ಲಿ ಕೇಳಿದವರಿಗೆ: ಮುಖಕ್ಕೆ ಮುಖವಾಡ ಉಂಟು ಮಾರಾಯ್ರೆ.)

ಕಪ್ಪು ಲೈಕ್ರಾ ತಂದು ಊರಿಗೆ ಹೋದಾಗ ಅಮ್ಮ ಹೊಲಿದುಕೊಟ್ಟಳು. ಇಂಥ ಬಟ್ಟೆಗೆ ಮಾಮೂಲಿ ನೇರ ಹೊಲಿಗೆ ಹಾಕಿದರೆ ಹಿಗ್ಗಿದಾಗ ದಾರ ಕಡಿದುಹೋಗುತ್ತದೆ, ಝಿಗ್‌ಝ್ಯಾಗ್ ಹೊಲಿಗೆಯೇ ಬೇಕು. ಅಷ್ಟು ಸುಲಭ. ಕಷ್ಟ ಇರುವುದು ಬಣ್ಣದಲ್ಲಿ.

ಲೈಕ್ರಾ ಅನ್ನುವುದು ಬ್ರ್ಯಾಂಡ್ ಹೆಸರು. ಒಳಗಿರುವ ನೂಲು ಸ್ಪ್ಯಾಂಡೆಕ್ಸ್. 1958ರಲ್ಲಿ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದದ್ದು. ಪಾಲಿಯುರೇಥೇನ್ ಜಾತಿಯ ಈ ನೂಲು ಐದು ಪಟ್ಟು ಎಳೆದರೂ ವಾಪಸ್ ಬರುತ್ತದೆ. ಅದರ ಮೇಲೆ ಒಣಗಿ ಕೂರುವ ಅಕ್ರಿಲಿಕ್ ಬಣ್ಣ ಹಾಗಲ್ಲ. ಕೆಳಗಿನದ್ದು ಹಿಗ್ಗುತ್ತದೆ, ಮೇಲಿನದ್ದು ಹಿಗ್ಗುವುದಿಲ್ಲ, ಆಮೇಲೆ ಏನಾಗುತ್ತದೆ ಅಂತ ಮೆಟೀರಿಯಲ್ಸ್ ಪೇಪರ್ ಬರೆದವರಿಗೆ ಹೇಳಬೇಕಿಲ್ಲ.

ಸೂಟ್ ಮುಟ್ಟುವ ಮೊದಲು ಉಳಿದ ತುಂಡು ಬಟ್ಟೆಗಳ ಮೇಲೆ ಪ್ರಯೋಗ ಮಾಡಿದೆ. ಮೊಣಕೈ ಹಿಂದೆ 10 ಸೆಂ.ಮೀ. ಗುರುತು ಹಾಕಿ ಕೈ ಮಡಚಿದರೆ ಅದು 13.5 ಆಗುತ್ತದೆ. ಅಂದರೆ ಶೇ. 35ರಷ್ಟು ಹಿಗ್ಗು. ತುಂಡುಗಳನ್ನೂ ಅಷ್ಟೇ ಎಳೆದೆ. ಬಾಟಲಿಯಿಂದ ನೇರ ಹಾಕಿದ ಫ್ಯಾಬ್ರಿಕ್ ಕಲರ್ ಬಿಸಿಲಿಗೆ ಒಡೆದ ಕೆರೆಯ ಮಣ್ಣಿನ ಹಾಗೆ ಬಿರುಕು ಬಿಟ್ಟಿತು. ಅರ್ಧಕ್ಕರ್ಧ ಫ್ಯಾಬ್ರಿಕ್ ಮೀಡಿಯಂ ಬೆರೆಸಿ ತೆಳ್ಳಗೆ ಎಳೆದದ್ದು ಪರವಾಗಿಲ್ಲ ಅನ್ನಿಸಿತು. ಆದರೆ ಕಪ್ಪಿನ ಮೇಲೆ ತೆಳ್ಳಗಿನ ಕೆಂಪು ಹಾಕಿದರೆ ಕಾಣುವುದು ಕಂದು. ಕೆಂಪು ಬೆಳಗಬೇಕಾದರೆ ಅಡಿಗೆ ಬಿಳಿ ಬೇಕು, ಬಿಳಿ ಹಾಕಿದರೆ ದಪ್ಪ ಹೆಚ್ಚುತ್ತದೆ, ದಪ್ಪ ಆದರೆ ಮತ್ತೆ ಬಿರುಕು. ಇಲ್ಲಿ ಒಂದು ವಾರ ಸಿಕ್ಕಿಬಿದ್ದೆ.

ಕೊನೆಗೆ ಮಾವನಿಗೆ ಫೋನ್ ಮಾಡಿದೆ. ನಮ್ಮದು ಉಡುಪಿ. ಅಷ್ಟಮಿ ಬಂದರೆ ಹುಲಿವೇಷಕ್ಕೆ ಬಣ್ಣ ಹಾಕುವವರಲ್ಲಿ ಮಾವನೂ ಒಬ್ಬರಾಗಿದ್ದರು. ವೇಷದವರು ಕೈ ಅಗಲಿಸಿ ಗಂಟೆಗಟ್ಟಲೆ ನಿಲ್ಲಬೇಕು, ಮೊದಲು ಅಡಿ ಬಣ್ಣ, ಅದು ಒಣಗಿದ ಮೇಲೆ ಹಳದಿ, ಪಟ್ಟೆ. ಚರ್ಮವೂ ಹಿಗ್ಗುವ ವಸ್ತುವೇ ತಾನೆ? ಎಲ್ಲ ಕೇಳಿಸಿಕೊಂಡ ಮಾವ, “ಬಟ್ಟೆಗೆ ಎಂಥಕ್ಕೆ ಬಣ್ಣ ಹಾಕುವುದು ನೀನು? ಮೈಗೆ ಹಾಕು. ನಡುವೆ ಬಟ್ಟೆ ಇರಲಿ, ಅಷ್ಟೆ. ಸಂದಿಗಳಲ್ಲಿ ದಪ್ಪ ಹಾಕಬೇಡ,” ಅಂದರು.

ನನ್ನ ಬೆನ್ನಿಗೆ ನಾನೇ ಬಣ್ಣ ಹಾಕಲಿಕ್ಕೆ ಆಗುವುದಿಲ್ಲವಲ್ಲ. ಅದಕ್ಕೆ ಹಳೆ ಟೀಶರ್ಟ್ ಹಾಕಿ ನಿಂತೆ, ರೂಮ್‌ಮೇಟ್ ಮೈಪೂರ್ತಿ ಪ್ಯಾಕಿಂಗ್ ಟೇಪ್ ಸುತ್ತಿದಳು. ಹಿಂದೆ ಕತ್ತರಿಸಿ ಬಿಡಿಸಿ, ಒಳಗೆ ಪೇಪರ್ ತುಂಬಿದರೆ ನನ್ನದೇ ಅಳತೆಯ ಗೊಂಬೆ ರೆಡಿ. ತೋಳುಗಳನ್ನು ಮಾತ್ರ ಬೇಕೆಂದೇ ಮಡಚಿದ ಭಂಗಿಯಲ್ಲಿ ಮಾಡಿದೆವು. ಅದಕ್ಕೆ ಸೂಟ್ ತೊಡಿಸಿ, ಬಣ್ಣ ಅಂಟದ ಹಾಗೆ ನಡುವೆ ಪ್ಲಾಸ್ಟಿಕ್ ಇಟ್ಟು, ಭುಜದಿಂದ ಮೊಣಕೈವರೆಗೆ ಬಲೆ ಎಳೆದೆ. ಹಿಗ್ಗಿದ ಸ್ಥಿತಿಯಲ್ಲಿ ಒಣಗಿದ ಬಣ್ಣ ಬಟ್ಟೆ ಬಿಚ್ಚಿದಾಗ ಕುಗ್ಗುತ್ತದೆ. ಕುಗ್ಗಿದರೆ ಸುಕ್ಕಾಗುತ್ತದೆ ಹೊರತು ಬಿರಿಯುವುದಿಲ್ಲ. ತೊಟ್ಟು ಕೈ ಮಡಚಿದರೆ ಮೊದಲಿದ್ದ ಜಾಗಕ್ಕೇ ವಾಪಸ್. ಸಿವಿಲ್‌ನವರ ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಲೆಕ್ಕವೇ ಇದು! ಅಡಿಯ ಬಿಳಿಯನ್ನು ಗೆರೆಗಿಂತ ಸಪೂರ ಮಾಡಿ, ಮೊಣಕೈ ತುದಿಯಲ್ಲಿ ಬಿಟ್ಟೇಬಿಟ್ಟೆ. ಅಲ್ಲಿ ಕೆಂಪು ಸ್ವಲ್ಪ ಮಂಕು. ಆಗಲಿ.

ಫ್ಯಾಬ್ರಿಕ್ ಕಲರ್ ಗಟ್ಟಿಯಾಗಲು ಇಸ್ತ್ರಿ ಹಾಕಿ ಅನ್ನುತ್ತಾರೆ. ಸ್ಪ್ಯಾಂಡೆಕ್ಸ್‌ಗೆ ಜೋರು ಬಿಸಿ ಆಗದು. ಮೂರು ದಿನ ಹಾಗೇ ಬಿಟ್ಟು, ಮೇಲೆ ಹತ್ತಿ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಒತ್ತಿದೆ. ದುಡ್ಡಿದ್ದವರು ಪ್ರಿಂಟೆಡ್ ಸೂಟ್ ತರಿಸುವುದು ಒಳ್ಳೆಯದು, ಅದರಲ್ಲಿ ಬಣ್ಣ ನೂಲಿನೊಳಗೇ ಇಳಿದಿರುತ್ತದೆ, ಬಿರುಕಿನ ಪ್ರಶ್ನೆಯೇ ಇಲ್ಲ. ಆದರೆ ಸೊಂಟ ಇಷ್ಟೇ, ತೋಳು ಇಷ್ಟೇ ಅಂತ ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ನನ್ನ ಮೈ ಆ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಹಾಸ್ಟೆಲ್‌ನಲ್ಲಿ ಅದನ್ನು ತೊಟ್ಟು ಓಡಾಡುವುದು ಬೇರೆ, ಮನೆಯಲ್ಲಿ ಬೇರೆ. ಕಳೆದ ರಜೆಯಲ್ಲಿ ಮಾವ ನೋಡಬೇಕು ಅಂದಾಗ ಕೈಯಲ್ಲಿ ಹಿಡಿದು ತೋರಿಸಿದೆ. “ಖಾಲಿ ಬಟ್ಟೆ ತೋರಿಸಿದರೆ ಎಂಥ ಗೊತ್ತಾಗುವುದು? ಹಾಕಿಕೊಂಡು ಬಾ.” ಇಷ್ಟು ಮೈಗಂಟುವ ಬಟ್ಟೆಯಲ್ಲಿ ಚಾವಡಿಗೆ ಬರಲಿಕ್ಕೆ ಕಾಮಿಕ್ ಕಾನ್ ಸ್ಟೇಜಿಗಿಂತ ಹೆಚ್ಚು ಧೈರ್ಯ ಬೇಕು. ಶಾಲು ಹೊದ್ದು ಬಂದೆ. ಅಜ್ಜಿ ಒಮ್ಮೆ ನೋಡಿ ಅಕ್ಕಿ ಆರಿಸುವುದಕ್ಕೆ ವಾಪಸ್ ಹೋದರು.

“ಶಾಲು ತೆಗಿ. ಹುಲಿಯ ಹಾಗೆ ಕೈ ಮಡಚು.”

ಮಡಚಿದೆ. ಮಾವ ಹತ್ತಿರ ಬಂದು ಹೆಬ್ಬೆರಳಲ್ಲಿ ಗೆರೆಗಳನ್ನು ಒತ್ತಿ ನೋಡಿದರು. ಬಿರುಕಿರಲಿಲ್ಲ. “ಎಡಗೈಯಲ್ಲಿ ಒಂದು ಗೆರೆ ಕೂಡಲಿಲ್ಲ ನೋಡು. ಬ್ರಷ್ ಎಲ್ಲುಂಟು?”

ತಂದುಕೊಟ್ಟೆ. ಅವರು ಬಣ್ಣದ ಕೆಲಸ ಬಿಟ್ಟು ಎರಡು ವರ್ಷವಾಯಿತು, ಕೈ ನಡುಗುತ್ತದೆ. ಬ್ರಷ್ ಅದ್ದಿ, ಗೆರೆಯ ಹತ್ತಿರ ತಂದು, ಸ್ವಲ್ಪ ಹೊತ್ತು ಹಾಗೇ ಹಿಡಿದು, ನನ್ನ ಬಲಗೈಗೆ ಕೊಟ್ಟರು.

“ನೀನೇ ಎಳೆ. ನಾನು ಹೇಳುತ್ತೇನೆ. ಎಡಗೈ ಬಿಡಿಸಬೇಡ, ಮಡಚಿಯೇ ಇರಲಿ.”